ತಂದೆಯ ಸಾಲ, ತಂದೆಯ ಮನೆ



ತಂದೆಯ ಸಾಲ ತೀರಿಸುವುದು ಮಗನ ಧರ್ಮವೆಂದು ನಮ್ಮ ಹಿರಿಯರು ಎಣಿಸಿದ್ದರು. ನ್ಯಾಯಸ್ಥಾನಗಳೂ ಬಹುಕಾಲ ಅದನ್ನೇ ಎತ್ತಿಹಿಡಿದುವು. 2005ರಲ್ಲಿ ಹಿಂದೂ ಉತ್ತರಾಧಿಕಾರದ ಕಾಯಿದೆಗೆ ತಿದ್ದುಪಡಿಯಾದ ಬಳಿಕ ಮಾಡಿದ ಸಾಲಕ್ಕೆ, ಆ ಧರ್ಮವೊಂದನ್ನೇ ಮುಂದುಮಾಡಿ ಮಗನನ್ನು ಹಿಡಿಯುವಂತಿಲ್ಲ. ತಂದೆ ಬಿಟ್ಟುಹೋದ ಮನೆ ಮಾತ್ರ ಹೊಣೆಯಿಂದ ತಪ್ಪಿಸಿಕೊಳ್ಳದು. ಮಗನು ತಾನೇ ಜಾಮೀನಿಗೆ ರುಜು ಹಾಕಿದ್ದರೆ ಅವನೂ ತಪ್ಪಿಸಿಕೊಳ್ಳಲಾರನು.

ಆದುದರಿಂದ ರುಜುವಿಗೆ ಮುನ್ನ ತಂದೆಯವರೊಡನೆ ಕುಳಿತು ಪತ್ರಗಳನ್ನು ನೋಡಬೇಕು. ಅವರು ಸುಲಭವಾಗಿ ತೋರಿಸರು. ಮಗನೆದುರು ಸಾಲಗಾರರೆನಿಸಿಕೊಳ್ಳುವುದು ಯಾರಿಗೆ ತಾನೆ ಹಿತ? ಮನೆಯನ್ನು ಆಧಾರವಿಟ್ಟ ಸಾಲ ಯಾವುದು, ಬರಿಯ ಕೈಸಾಲ ಯಾವುದು ಎಂಬುದಾದರೂ ತಿಳಿಯಲೇಬೇಕು.

ವರಮಾನವೇ ಸಾಲದಿದ್ದರೆ, ಮನೆಯನ್ನು ಮಾರುವ ಮೊದಲು ಬ್ಯಾಂಕಿನಲ್ಲಿ ರಿವರ್ಸ್ ಮಾರ್ಟ್‌ಗೇಜನ್ನು ವಿಚಾರಿಸಬಹುದು. 60 ವರ್ಷ ದಾಟಿದವರಿಗಾಗಿ 2007ರಲ್ಲಿ ಬಂದ ಈ ಏರ್ಪಾಟಿನಲ್ಲಿ ವೃದ್ಧರು ಮನೆಯಲ್ಲಿಯೇ ಇದ್ದು ಅದರ ಮೇಲೆ ಹಣ ಪಡೆಯುವರು. ಅವರ ಕಾಲಾನಂತರ ಮಕ್ಕಳು ಬಾಕಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳಬಹುದು.