ಬಿಟ್ಟು ಬಂದವನಿಗೆ ಪಂಕ್ತಿಯಲ್ಲೊಂದು ಎಲೆ

(ವಾರ್ಷಿಕ ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಚ-ದೇವಯಾನಿಯರ ಕಥೆ ತಾಳಮದ್ದಳೆ ಕೇಳಿದವರಿಗೆಲ್ಲ ಪರಿಚಿತ. ಅಸುರರು ಕಚನನ್ನು ಕೊಂದು, ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರು ಶುಕ್ರಾಚಾರ್ಯರಿಗೇ ಕುಡಿಸಿದರು. ಮೃತಸಂಜೀವಿನಿಯನ್ನು ಬಲ್ಲ ಮಹಾಜ್ಞಾನಿಗೂ ತಾನು ಕುಡಿದದ್ದೇನೆಂದು ತಿಳಿಯಲಿಲ್ಲ. ಅರಿವಾದ ಮೇಲೆ ಅವರು ಮದ್ಯಪಾನವನ್ನು ನಿಷೇಧಿಸಿದರೆಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದಂಶವಿದೆ. ಆ ಬಳಿಕವೂ ವೃಷಪರ್ವನ ರಾಜ್ಯದಲ್ಲಿ ಶುಕ್ರರು ಗುರುಗಳಾಗಿಯೇ ಉಳಿದರು. ತಪ್ಪನ್ನರಿತು ಬಿಟ್ಟವರಿಗೆ ಅವರ ಸ್ಥಾನ ಹಾಗೆಯೇ ಇತ್ತು.

ಇಂದು ಅಮಲು ಬಿಟ್ಟು ಊರಿಗೆ ಮರಳುವವನಿಗೆ ಅಂಥ ಸ್ಥಾನ ಉಳಿದಿದೆಯೇ?

ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5 ಕೋಟಿ 70 ಲಕ್ಷ. ಗಾಂಜಾ, ಭಂಗಿ ಬಳಸುವವರು 3 ಕೋಟಿಗೂ ಮಿಕ್ಕಿ. ಇದು ಬರಿಯ ದುರಭ್ಯಾಸವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆಯೆಂದು ವೈದ್ಯಶಾಸ್ತ್ರ ಒಪ್ಪಿದೆ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು, ಸನ್ನಿ ಹಿಡಿದು ಪ್ರಾಣಾಪಾಯವೂ ಆಗಬಹುದು. ಆದುದರಿಂದ ದೇವರ ಮುಂದೆ ಆಣೆ ಹಾಕಿಸುವ ಮೊದಲು ವೈದ್ಯರಿಗೆ ತೋರಿಸುವುದು ಕ್ರಮ.

ಶರೀರದಿಂದ ಮದ್ಯದ ಪ್ರಭಾವ ಇಳಿಯಲು ಸಾಮಾನ್ಯವಾಗಿ ವಾರ, ಹತ್ತು ದಿನ ಸಾಕು. ಕಷ್ಟ ಆರಂಭವಾಗುವುದು ಅನಂತರ. ಸಂಜೆಯಾಯಿತೆಂದರೆ ಅವನಿಗೆ ಹೋಗಲು ಜಾಗವಿಲ್ಲ. ಹಳೆಯ ಗೆಳೆಯರೆಲ್ಲ ಕುಡಿತದ ಗೆಳೆಯರು. ಅವರ ಬಳಿ ಹೋಗುವಂತಿಲ್ಲ. ಉಳಿದವರು ಕರೆಯುವುದಿಲ್ಲ. ಮದುವೆ ಮನೆಯಲ್ಲಿ ಪಕ್ಕಕ್ಕೆ ಕುಳಿತವರು ಬಾಯಿಯ ವಾಸನೆ ನೋಡುತ್ತಾರೆ. ಕೆಲಸ ಕೇಳಿದರೆ 'ಮುಂದಿನ ತಿಂಗಳು ನೋಡುವ' ಎಂಬ ಉತ್ತರ. ಕುಡುಕನ ಹೆಂಡತಿ, ಕುಡುಕನ ಮಗ ಎಂಬ ಹೆಸರು ಮನೆಯವರಿಗೂ ಅಂಟಿಕೊಂಡಿರುತ್ತದೆ. ಎಲ್ಲ ಬಾಗಿಲೂ ಮುಚ್ಚಿದಾಗ ತೆರೆದಿರುವುದು ಮದ್ಯದಂಗಡಿಯ ಬಾಗಿಲೊಂದೇ.

ಜೊತೆಗಾರನಿಂದ ಎಷ್ಟು ಬಲ ಬರುತ್ತದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. 1935ರಲ್ಲಿ ಬಿಲ್ ವಿಲ್ಸನ್ ಎಂಬವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರಕ್ಕೆಂದು ಆಕ್ರನ್ ನಗರಕ್ಕೆ ಹೋದಾಗ ಆಸೆ ಮತ್ತೆ ತಲೆಯೆತ್ತಿತು. ಅವರು ಮದ್ಯದಂಗಡಿಗೆ ಹೋಗದೆ, ಕುಡಿತದಿಂದ ಬಳಲುತ್ತಿದ್ದ ಇನ್ನೊಬ್ಬರನ್ನು ಹುಡುಕಿ ಮಾತಾಡಿದರು. ಆ ಇನ್ನೊಬ್ಬರು ಡಾಕ್ಟರ್ ಬಾಬ್ ಸ್ಮಿತ್. ಇಬ್ಬರೂ ಉಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘಟನೆ ಹೀಗೆ ಹುಟ್ಟಿತು. ಕಾಸರಗೋಡಿನ ಕಡೆಯಲ್ಲೂ ನಡೆದಿರುವ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲೂ ಇದೇ ತತ್ತ್ವವಿದೆ. ಶಿಬಿರ ಮುಗಿದ ಮೇಲೆ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸಲಾಗುತ್ತದೆ.

ದೇವಸ್ಥಾನವು ಇದರಲ್ಲಿ ಮಾಡಬಹುದಾದ ಕೆಲಸ ಬಹಳಷ್ಟಿದೆ. ಜಾತ್ರೆಯೆಂದರೆ ನೂರು ಕೈಗಳಿಗೆ ಕೆಲಸ. ಚಪ್ಪರ ಹಾಕಬೇಕು, ಹೊರೆಕಾಣಿಕೆ ಇಳಿಸಬೇಕು, ತರಕಾರಿ ಹೆಚ್ಚಬೇಕು, ಪಂಕ್ತಿಯಲ್ಲಿ ಬಡಿಸಬೇಕು. ಬಿಟ್ಟು ಬಂದವನ ಮನೆಗೆ ಸಮಿತಿಯವರು ಹೋಗಿ, 'ನಾಳೆ ಬೆಳಿಗ್ಗೆ ಉಗ್ರಾಣಕ್ಕೆ ಬಾ, ಕೆಲಸ ಉಂಟು' ಎಂದು ಕರೆದರೆ ಅದು ನೂರು ಉಪದೇಶಕ್ಕೆ ಸಮ. ಜಾತ್ರೆ ಮುಗಿದ ಮೇಲೂ ವಾರದ ಭಜನೆಗೆ ಅವನನ್ನು ಕರೆತರಲು ಒಬ್ಬರನ್ನು ಗೊತ್ತುಮಾಡಬೇಕು. ಅವನ ಹೆಂಡತಿಯನ್ನು ಮಹಿಳಾ ಸಮಿತಿಯವರು ಮಾತಾಡಿಸಬೇಕು. ಚಟಕ್ಕೆ ಬಿದ್ದು ಬಿಟ್ಟವಳು ಹೆಂಗಸಾದರೆ ಅವಳ ಗುಟ್ಟು ಕಾಯುವುದು ಇನ್ನೂ ಅಗತ್ಯ.

ಮಾಡಬಾರದವುಗಳೂ ಇವೆ. ಅವನನ್ನು ವೇದಿಕೆಗೆ ಕರೆದು 'ಇವನು ಮೊದಲು ಹೇಗಿದ್ದ ಗೊತ್ತೇ' ಎಂದು ಪರಿಚಯಿಸಬಾರದು. ಉತ್ಸವದ ರಾತ್ರಿ ಕುಡಿಯುವವರ ನಡುವೆ ಒಬ್ಬನನ್ನೇ ಬಿಡಬಾರದು. ಕೆಲವರಿಗೆ ವೈದ್ಯರು ಡೈಸಲ್ಫಿರಾಂ ಎಂಬ ಮಾತ್ರೆ ಕೊಟ್ಟಿರುತ್ತಾರೆ. ಅಂಥವರಿಗೆ ತಮಾಷೆಗೆಂದು ಮದ್ಯ ಬೆರೆಸಿ ಕೊಟ್ಟರೆ ಜೀವಕ್ಕೇ ಸಂಚಕಾರ.

ಒಮ್ಮೆ ಬಿಟ್ಟವರು ಮತ್ತೆ ಜಾರುವುದುಂಟು. ಚಿಕಿತ್ಸೆ ಪಡೆದ ನೂರು ಮಂದಿಯಲ್ಲಿ 40ರಿಂದ 60 ಮಂದಿ ಹಾಗೆ ಜಾರುತ್ತಾರೆಂದು ವೈದ್ಯಕೀಯ ಅಧ್ಯಯನಗಳು ಅಂದಾಜಿಸಿವೆ. ರಕ್ತದೊತ್ತಡ, ಅಸ್ತಮಾ ಇರುವವರಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಹೆರಾಯಿನ್‌ನಂಥ ವಸ್ತುವನ್ನು ಬಿಟ್ಟಿದ್ದವನು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಬಿಟ್ಟಿದ್ದ ಕಾಲದಲ್ಲಿ ಅದನ್ನು ತಾಳುವ ಶಕ್ತಿ ಶರೀರದಲ್ಲಿ ಕುಗ್ಗಿರುತ್ತದೆ. ಜಾರಿದವನು ಅದನ್ನು ಬಚ್ಚಿಡದೆ ಯಾರಲ್ಲಾದರೂ ಹೇಳಿಕೊಂಡರೆ ಬದುಕುತ್ತಾನೆ. ಬೈಗುಳವೇ ಸಿಗುವುದೆಂದು ಗೊತ್ತಿದ್ದರೆ ಅವನು ಹೇಳುವುದಿಲ್ಲ.

ನೆರವಿಗಾಗಿ 14446 ಎಂಬ ರಾಷ್ಟ್ರೀಯ ದೂರವಾಣಿ ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಕೇರಳದಲ್ಲಿ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯೂ ಇದೆ. ಚಿಕಿತ್ಸೆಯ ಭಾರವನ್ನು ವೈದ್ಯರು ಹೊರುತ್ತಾರೆ. ಸಂಜೆಯ ಹೊತ್ತಿಗೆ ಒಬ್ಬ ಜೊತೆಗಾರನನ್ನು, ಕೈಗೆ ಒಂದು ಕೆಲಸವನ್ನು, ಅನ್ನಸಂತರ್ಪಣೆಯ ಪಂಕ್ತಿಯಲ್ಲಿ ಒಂದು ಎಲೆಯನ್ನು ಕೊಡುವುದು ಊರ ಭಕ್ತರ ಪಾಲಿನ ಸೇವೆ. ಅದನ್ನು ನಡೆಸುವ ಮನಸ್ಸನ್ನು ಶ್ರೀದೇವರು ಎಲ್ಲರಿಗೂ ಅನುಗ್ರಹಿಸಲಿ.