ಹೊಳೆಸಾಲಿನ ಕಲ್ಲುಗಳು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹೊನ್ನಾವರ ತಾಲೂಕಿನ ಇತಿಹಾಸದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿದರು. ನಾನು ಇತಿಹಾಸಕಾರನಲ್ಲ. ಓದಿದ್ದು, ಕಂಡದ್ದು ಇಷ್ಟನ್ನು ಹೇಳುತ್ತೇನೆ. ಕೊನೆಗೆ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ.

ಇತಿಹಾಸ ಅಂದಕೂಡಲೆ ನಮಗೆ ಹಂಪೆ, ಬಾದಾಮಿ, ಬೇಲೂರು ನೆನಪಾಗುತ್ತವೆ. ಮನೆಯೆದುರು ಹರಿಯುವ ಶರಾವತಿ ನೆನಪಾಗುವುದಿಲ್ಲ. ಆದರೆ ಈ ಹೊಳೆಯೇ ಒಂದು ಕಾಲದ ಹೆದ್ದಾರಿ. ಘಟ್ಟದ ಮೇಲಿನ ಸರಕು ಗೇರುಸೊಪ್ಪೆಗೆ ಇಳಿದು, ದೋಣಿ ಏರಿ, ಹೊನ್ನಾವರದ ಅಳಿವೆ ದಾಟಿ ಅರಬ್ಬರ ನಾಡಿಗೆ, ಆಮೇಲೆ ಯುರೋಪಿಗೂ ಹೋಗುತ್ತಿತ್ತು. ಅರಬ್ಬೀ ಕುದುರೆಗಳು ಇದೇ ಕರಾವಳಿಯ ಬಂದರುಗಳಲ್ಲಿ ಇಳಿದು ವಿಜಯನಗರಕ್ಕೆ ಸೇರುತ್ತಿದ್ದವು.

ಸುಮಾರು 1342ರಲ್ಲಿ ಇಬ್ನ್ ಬತೂತ ಎಂಬ ಪ್ರವಾಸಿ ಹೊನ್ನಾವರಕ್ಕೆ ಬಂದಿದ್ದ. ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ನೋಡಿ ಮಾರಾಯ್ರೆ, ಏಳುನೂರು ವರ್ಷದ ಹತ್ತಿರದ ಮಾತು! ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದು ನಮ್ಮ ಕಾಲದ ಸುಧಾರಣೆ ಅಂತ ತಿಳಿದವರಿಗೆ ಇದನ್ನು ಹೇಳಬೇಕು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಗೆದ್ದಾಗ ಅವನಿಗೆ ನೆರವಾದ ತಿಮ್ಮೋಜನ ನೆಲೆಯೂ ಹೊನ್ನಾವರವೇ.

ಇನ್ನು ಗೇರುಸೊಪ್ಪೆ. ಶಾಸನಗಳಲ್ಲಿ ಇದಕ್ಕೆ ನಗಿರೆ, ಕ್ಷೇಮಪುರ ಎಂಬ ಹೆಸರುಗಳಿವೆ. ಇಲ್ಲಿ ಆಳಿದ ಸಾಳುವ ಮನೆತನದ ರಾಣಿ ಚೆನ್ನಭೈರಾದೇವಿಯ ಹೆಸರು ನಿಮಗೆಲ್ಲ ಗೊತ್ತು. 16ನೆಯ ಶತಮಾನದ ನಡುವಿನಿಂದ ಸುಮಾರು ಐವತ್ತು ವರ್ಷಕ್ಕೂ ಮಿಕ್ಕಿ ಆಳಿದವಳು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಅಂತಲೇ ಕರೆದರು. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಸುವ ಅದೇ ಕಾಳುಮೆಣಸು. ಅದಕ್ಕಾಗಿ ಅವರು ಅವಳೊಡನೆ ಕಾದಾಡಿದರು, ಕರಾರನ್ನೂ ಮಾಡಿಕೊಂಡರು. ಪಕ್ಕದ ಕುಮಟಾ ತಾಲೂಕಿನ ಮಿರ್ಜಾನಿನ ಚಿರೇಕಲ್ಲಿನ ಕೋಟೆಯನ್ನೂ ಜನ ಅವಳ ಹೆಸರಿನಿಂದಲೇ ನೆನೆಯುತ್ತಾರೆ. 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆಳದಿಯ ವೆಂಕಟಪ್ಪನಾಯಕ ಅವಳನ್ನು ಸೋಲಿಸಿದ. ರಾಣಿ ಸೆರೆಯಲ್ಲೇ ತೀರಿಕೊಂಡಳು ಎನ್ನುತ್ತಾರೆ.

1623ರಲ್ಲಿ ಇಟಲಿಯ ಪಿಯತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಇದೇ ಹೊಳೆಯಗುಂಟ ಗೇರುಸೊಪ್ಪೆಗೆ ಬಂದ. ಹೊಳೆಯ ಚೆಲುವನ್ನು ಬಾಯಿತುಂಬ ಹೊಗಳಿದ. ಆದರೆ ರಾಣಿಯ ಪಟ್ಟಣ ಆಗಲೇ ಹಾಳುಬಿದ್ದು, ಅರಮನೆಯಲ್ಲಿ ಮರ ಬೆಳೆದಿತ್ತು. ಲೆಕ್ಕ ಹಾಕಿ ನೋಡಿ, ಅವಳು ಹೋಗಿ ಇಪ್ಪತ್ತು ವರ್ಷದ ಆಸುಪಾಸು ಅಷ್ಟೆ. ನಮ್ಮ ಸಂಘದ ವಯಸ್ಸಿಗಿಂತ ಕಡಿಮೆ! ಜಗತ್ತಿಗೆ ಮೆಣಸು ಕೊಟ್ಟ ಊರು ಅಷ್ಟರೊಳಗೆ ಕಾಡಾಯಿತು.

ಉಳಿದದ್ದೇನು? ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಹೊಕ್ಕರೂ ಎದುರಿಗೆ ಜಿನಬಿಂಬ. ಹತ್ತಿರದಲ್ಲೇ ಬೇರೆ ಬಸದಿಗಳು, ಶಾಸನಕಲ್ಲುಗಳು ಇವೆ. ಹೊನ್ನಾವರದ ಎದುರು ಕಡಲಲ್ಲಿ ಬಸವರಾಜದುರ್ಗದ ಕೋಟೆ ಇದೆ. ಗುಣವಂತೆಯ ಶಂಭುಲಿಂಗ, ಇಡಗುಂಜಿಯ ಗಣಪತಿ ಇಂದಿಗೂ ಜನ ನಡೆದುಕೊಳ್ಳುವ ಕ್ಷೇತ್ರಗಳು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವೂ ನನ್ನ ಪಾಲಿಗೆ ಈ ನೆಲದ ಸ್ಮಾರಕವೇ. ಹೊಸತರಲ್ಲಿ ಹೇಳುವುದಾದರೆ 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆಯ ಶರಾವತಿ ಸೇತುವೆ, ಎರಡು ಕಿಲೋಮೀಟರಿಗೂ ಉದ್ದ.

ಇವೆಲ್ಲ ದೊಡ್ಡವು. ಇವುಗಳ ಬಗ್ಗೆ ಪುಸ್ತಕಗಳಿವೆ, ಗೇರುಸೊಪ್ಪೆಯ ಬಸದಿಗೆ ಪುರಾತತ್ವ ಇಲಾಖೆಯ ಕಾವಲಿದೆ. ಆದರೆ ತೋಟದ ಅಂಚಿನಲ್ಲಿ, ಹಾಳು ಗುಡಿಯ ಹಿಂದೆ, ಹೊಳೆಯ ಧಕ್ಕೆಯಲ್ಲಿ ಬಿದ್ದ ಸಣ್ಣ ಕಲ್ಲುಗಳಿಗೆ ಯಾರಿದ್ದಾರೆ?

ಈಗ ಆ ತಪ್ಪಿನ ಮಾತು. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಸಂಘದ ಗೋದಾಮಿಗೆ ಪಾಯ ತೋಡುವಾಗ ಮೊಣಕಾಲೆತ್ತರದ ಮಣ್ಣಿನಡಿ ಒಂದು ಕಲ್ಲು ಸಿಕ್ಕಿತು. ಮೂರು ಪಟ್ಟಿ ಇತ್ತು. ಕೆಳಗೆ ಕತ್ತಿ ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಹೆಂಗಸರು, ಮೇಲೆ ಕೈಮುಗಿದು ಕೂತವನು. ಮೇಲಿನ ಪಟ್ಟಿಯ ಕೆಳಗೆ ಎರಡು ಸಾಲು ಅಕ್ಷರ. ಅದು ವೀರಗಲ್ಲು. ದನ ಕಾಯಲೋ, ಊರು ಕಾಯಲೋ ಹೋರಾಡಿ ಸತ್ತವನ ನೆನಪಿಗೆ ನೆಡುವ ಕಲ್ಲು. ಮೇಸ್ತ್ರಿ "ಇದನ್ನು ಎಂತ ಮಾಡೂದು?" ಅಂತ ಕೇಳಿದ. ಮಳೆಗಾಲ ಹತ್ತಿರ ಬಂದಿತ್ತು. ಇಲಾಖೆಗೆ ತಿಳಿಸಿದರೆ ಕೆಲಸ ನಿಲ್ಲುತ್ತದೆ, ಜಾಗವೇ ಹೋದೀತು ಅಂತ ಯಾರೋ ಅಂದರು. ಕಲ್ಲನ್ನು ಎರಡು ಹೋಳು ಮಾಡಿ ಪಾಯಕ್ಕೆ ಹಾಕಿದರು. ನಾನು ಅಲ್ಲೇ ನಿಂತಿದ್ದೆ. ಓದುಬರಹ ಬಲ್ಲವನು. ಆ ಎರಡು ಸಾಲನ್ನು ಒಂದು ಚೀಟಿಯಲ್ಲಾದರೂ ಇಳಿಸಿಕೊಳ್ಳಬಹುದಿತ್ತು. ಅದನ್ನೂ ಮಾಡಲಿಲ್ಲ, ಸುಮ್ಮನೆ ನೋಡಿದೆ. ಇವತ್ತು ನಮ್ಮ ಗೊಬ್ಬರದ ಚೀಲಗಳು ನಿಂತಿರುವುದು ಅವನ ಹೆಸರಿನ ಮೇಲೆ. ಆ ಹೆಸರು ಯಾವುದು ಅಂತ ಇನ್ನು ಯಾರೂ ಹೇಳಲಾರರು.

ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ನಮಗೆಲ್ಲ ಇದ್ದದ್ದು ಒಂದೇ ಭಯ. ಆದರೆ ಕಲ್ಲು ಸಿಕ್ಕ ಮಾತ್ರಕ್ಕೆ ತೋಟ ಸರ್ಕಾರದ್ದಾಗುವುದಿಲ್ಲ. ಒಂದು ಜಾಗವನ್ನು ಸಂರಕ್ಷಿತ ಸ್ಮಾರಕವೆಂದು ಸಾರಬೇಕಾದರೆ ಸರ್ಕಾರ ಮೊದಲು ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು. ಬಿಡಿ ವೀರಗಲ್ಲುಗಳನ್ನು ಊರವರೇ ಗುಡಿಯ ಅಂಗಳದಲ್ಲಿ ನಿಲ್ಲಿಸಿ ಕಾಪಾಡಿದ್ದನ್ನು ಎಷ್ಟೋ ಕಡೆ ಕಂಡಿದ್ದೇವೆ.

ಸಹಕಾರಿ ಸಂಘ ಎಂದರೆ ಏನು? ಬರೆದಿಟ್ಟ ಲೆಕ್ಕ. ಒಬ್ಬ ಸದಸ್ಯನ ಹತ್ತು ರೂಪಾಯಿ ಷೇರೂ ಪುಸ್ತಕದಿಂದ ತಪ್ಪಬಾರದು ಅಂತ ವರ್ಷವರ್ಷ ಆಡಿಟ್ ಮಾಡಿಸುತ್ತೇವೆ. ಶಾಸನವೂ ಅದೇ. ಯಾರು ಯಾವ ಗುಡಿಗೆ ಎಷ್ಟು ಗದ್ದೆ ಬಿಟ್ಟರು, ಯಾರು ಊರಿಗಾಗಿ ಸತ್ತರು ಎಂಬ ಹಿಂದಿನವರ ಖಾತೆ. ನಮ್ಮ ಖಾತೆಯನ್ನು ಕಬ್ಬಿಣದ ಕಪಾಟಿನಲ್ಲಿ ಇಟ್ಟು, ಅವರ ಖಾತೆಯ ಮೇಲೆ ಬಟ್ಟೆ ಒಗೆಯುವುದು ಸರಿಯೇ?

ಅದಕ್ಕೆ ಒಂದು ಸಣ್ಣ ಕೋರಿಕೆ. ಸಂಘದಲ್ಲಿ ಒಂದು ರಿಜಿಸ್ಟರ್ ಇಡೋಣ. ಯಾವ ಸದಸ್ಯರ ಜಾಗದಲ್ಲಿ ಅಕ್ಷರದ ಕಲ್ಲು, ಮೂರ್ತಿ, ಹಳೇ ಬಾವಿಕಟ್ಟೆ ಇದೆ ಎಂದು ಅದರಲ್ಲಿ ಬರೆಯೋಣ. ಕಲ್ಲನ್ನು ಕದಲಿಸುವ ಮೊದಲು ಫೋಟೊ ತೆಗೆಯೋಣ, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅಕ್ಷರಕ್ಕೆ ಸುಣ್ಣ, ಬಣ್ಣ, ಎಣ್ಣೆ ಹಚ್ಚುವುದು ಬೇಡ. ಓದಬಲ್ಲವರಿಗೆ ತೋರಿಸೋಣ. ಖರ್ಚು ಒಂದು ಪುಸ್ತಕದ್ದು ಮಾತ್ರ.

ಆ ರಿಜಿಸ್ಟರಿನ ಮೊದಲನೇ ಪುಟದಲ್ಲಿ ನಮ್ಮ ಗೋದಾಮಿನ ಪಾಯದ ಕಲ್ಲನ್ನೇ ಬರೆಯಿರಿ. ಹೆಸರಿನ ಜಾಗ ಖಾಲಿ ಬಿಡಿ. ಸಾಕ್ಷಿ ಎಂದು ನಾನು ಸಹಿ ಹಾಕುತ್ತೇನೆ.