ಹೂವು ನಮ್ಮದು, ಫೋಟೋ ಯಾರದು?

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮನೆಯಿಂದಲೇ ವ್ಯಾಪಾರ ಮಾಡುವವರಿಗೆ ವೆಬ್‌ಸೈಟ್ ಬಗ್ಗೆ ಏನಾದರೂ ಹೇಳಿ ಎಂದು ಕೇಳಿದಾಗ ನಾನು ಹೂವಿನ ವ್ಯಾಪಾರವನ್ನೇ ಆರಿಸಿಕೊಂಡೆ. ಇಲ್ಲಿ ಕುಳಿತವರಲ್ಲೇ ಹಾರ ಕಟ್ಟಿ ಕೊಡುವವರು, ಮೊಗ್ಗಿನ ಜಡೆ ಮಾಡುವವರು, ಸೀಮಂತ-ನಾಮಕರಣಕ್ಕೆ ಅಲಂಕಾರ ಮಾಡುವವರು ಇದ್ದೀರಿ. ಅಲ್ಲದೆ, ಡೊಂಬಿವಲಿಯಲ್ಲಿ ನಮ್ಮ ಕಟ್ಟಡದಲ್ಲೇ ಇರುವ ಒಬ್ಬರಿಗೆ ಕಳೆದ ವರ್ಷ ನಾನೇ ಇಂಥ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಅವರ ಒಪ್ಪಿಗೆ ಪಡೆದೇ ಅವರ ವಿಷಯ ಹೇಳುತ್ತಿದ್ದೇನೆ. ಹೆಸರು ಬೇಡ ಎಂದಿದ್ದಾರೆ, ಆದ್ದರಿಂದ ಅಕ್ಕ ಎಂದೇ ಕರೆಯುತ್ತೇನೆ.

ಅಕ್ಕ ವಾರಕ್ಕೆ ಮೂರು ದಿನ ಬೆಳಗಿನ ಜಾವದ ಲೋಕಲ್ ಹಿಡಿದು ದಾದರ್ ಹೂವಿನ ಮಾರುಕಟ್ಟೆಗೆ ಹೋಗುತ್ತಾರೆ. ಮಾಟುಂಗಾದ ಅಂಗಡಿಗಳಲ್ಲಿ ಸಿಗುವ ಹಾಗೆ ಕಟ್ಟಿದ ಹಾರ ಡೊಂಬಿವಲಿಯಲ್ಲೂ ಸಿಗುತ್ತದೆ ಎಂದು ಜನಕ್ಕೆ ಗೊತ್ತಾಗಲಿ ಎಂಬುದು ಅವರ ಆಸೆ. ನನಗಿಂತ ಮೊದಲು ಯಾರೋ ಒಬ್ಬರಿಗೆ ಹಣ ಕೊಟ್ಟು ವೆಬ್‌ಸೈಟ್ ಮಾಡಿಸಿದ್ದರು. ನೋಡಲು ಬಹಳ ಚೆಂದ ಇತ್ತು. ಪುಟದ ತುಂಬ ಫೋಟೋ, ಒಂದೂ ಅಕ್ಕನದ್ದಲ್ಲ. ಒಂದು ದಿನ ಹೊರದೇಶದಿಂದ ಇಂಗ್ಲಿಷಿನಲ್ಲಿ ಇಮೇಲ್ ಬಂತು: ನಿಮ್ಮ ಪುಟದಲ್ಲಿರುವ ಮೂರು ಚಿತ್ರಗಳು ನಮ್ಮ ಕಕ್ಷಿದಾರರವು, ಬಳಸಿದ್ದಕ್ಕೆ ಇಷ್ಟು ಹಣ ಕೊಡಿ. ಅಕ್ಕನ ಒಂದು ತಿಂಗಳ ಸಂಪಾದನೆಗಿಂತ ಹೆಚ್ಚಿನ ಮೊತ್ತ. ಮೋಸದ ಇಮೇಲ್ ಇರಬೇಕೆಂದು ಅವರು ಅಳಿಸಿಬಿಟ್ಟರು. ಎರಡನೆಯದು ಬಂದಾಗ ನಮ್ಮ ಮನೆ ಬಾಗಿಲು ತಟ್ಟಿದರು.

ಅದು ಮೋಸವಾಗಿರಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ಗೂಗಲ್‌ನ ಚಿತ್ರ ಹುಡುಕಾಟದಲ್ಲೂ ಟಿನ್‌ಐ ಎಂಬ ತಾಣದಲ್ಲೂ ಹಾಕಿ ನೋಡಿದೆವು. ಚಿತ್ರ ಕೊಟ್ಟರೆ ಅದು ಬೇರೆಲ್ಲಿ ಇದೆ ಎಂದು ತೋರಿಸುವ ಸೌಲಭ್ಯ ಇದು. ಮೂರೂ ಒಬ್ಬ ಛಾಯಾಗ್ರಾಹಕರ ಸ್ವಂತ ತಾಣದಲ್ಲಿ, ಅವರ ಹೆಸರಿನೊಂದಿಗೇ ಸಿಕ್ಕವು. ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ, "ಗೂಗಲ್‌ನಲ್ಲಿ ಸಿಕ್ಕಿತು, ಎಲ್ಲರೂ ಹಾಗೇ ಮಾಡುತ್ತಾರೆ" ಎಂದು ಫೋನ್ ಇಟ್ಟರು.

ಗೂಗಲ್ ಫೋಟೋಗಳ ಯಜಮಾನ ಅಲ್ಲ, ದಾರಿ ತೋರಿಸುವವನು ಅಷ್ಟೇ. ದಾದರ್ ಸ್ಟೇಷನ್ನಿನಲ್ಲಿ ನಿಂತು ಫಲಾನಾ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೋ ಕೈ ತೋರಿಸುತ್ತಾರೆ. ಹಾಗೆ ತೋರಿಸಿದ್ದಕ್ಕೆ ಅಂಗಡಿಯ ಹೂವು ನಮ್ಮದಾಗುವುದಿಲ್ಲ. ಗೂಗಲ್ ಕೂಡ ಚಿತ್ರದ ಕೆಳಗೆ, ಇದಕ್ಕೆ ಹಕ್ಕುಸ್ವಾಮ್ಯ ಇರಬಹುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಾವು ಓದುವುದಿಲ್ಲ. ಇನ್ನು "ಚಿತ್ರ ಕೃಪೆ: ಅಂತರ್ಜಾಲ" ಎಂದು ಹಾಕಿ ನಿಶ್ಚಿಂತರಾಗುವವರಿದ್ದಾರೆ. ಸಂಘ-ಸಂಸ್ಥೆಗಳ ಸಂಚಿಕೆಗಳಲ್ಲೂ ಈ ಸಾಲು ನೋಡಿದ್ದೇನೆ. ಅಂತರ್ಜಾಲ ಎಂಬ ಹೆಸರಿನ ಮಹಾನುಭಾವರು ಯಾರೂ ಇಲ್ಲ. ಕೃಪೆ ಮಾಡಬೇಕಾದವರು ಆ ಫೋಟೋ ತೆಗೆದವರು, ಅವರನ್ನು ನಾವು ಕೇಳಿಯೇ ಇರುವುದಿಲ್ಲ.

ನಮ್ಮ ದೇಶದ ಕಾನೂನು 1957ರ ಹಕ್ಕುಸ್ವಾಮ್ಯ ಕಾಯ್ದೆ. ಅದರ ಪ್ರಕಾರ ಫೋಟೋ ಒಂದು ಕಲಾಕೃತಿ. ತೆಗೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಮೂಲೆಯಲ್ಲಿ ಹೆಸರು ಇರಲೇಬೇಕೆಂದೂ ಇಲ್ಲ. 2012ರ ತಿದ್ದುಪಡಿಯ ನಂತರ ಫೋಟೋದ ಹಕ್ಕು ತೆಗೆದವರ ಜೀವಮಾನ ಪೂರ್ತಿ ಮತ್ತು ಅವರ ನಂತರ 60 ವರ್ಷ. ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆಯಲ್ಲಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲ ಎಂದಾದರೆ ನ್ಯಾಯಾಲಯ ಶಿಕ್ಷೆ ಕಡಿಮೆ ಮಾಡಬಹುದು. ಆದರೆ ಹೂವಿನಂಗಡಿಯವರು ವ್ಯಾಪಾರಕ್ಕಲ್ಲ ಎಂದು ಹೇಳುವುದು ಹೇಗೆ? ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. "ಸಣ್ಣ ವ್ಯಾಪಾರ, ನಮ್ಮನ್ನು ಯಾರು ಕೇಳುತ್ತಾರೆ" ಎಂಬ ಮಾತು ಈಗ ನಡೆಯುವುದಿಲ್ಲ, ಏಕೆಂದರೆ ಹುಡುಕುವುದು ಮನುಷ್ಯರಲ್ಲ, ಕಂಪ್ಯೂಟರ್ ಪ್ರೋಗ್ರಾಮು. ಅದಕ್ಕೆ ದೊಡ್ಡ ಅಂಗಡಿ, ಸಣ್ಣ ಅಂಗಡಿ ಎಂಬ ಭೇದ ಇಲ್ಲ.

ಇಂಥ ನೋಟಿಸ್ ಬಂದರೆ ಮೊದಲು ಆ ಚಿತ್ರ ತೆಗೆಯಿರಿ. ತೆಗೆದ ಮಾತ್ರಕ್ಕೆ ಹಿಂದೆ ಬಳಸಿದ್ದು ಅಳಿಸಿಹೋಗುವುದಿಲ್ಲ, ಆದರೂ ತೆಗೆಯಿರಿ. ಅದರಲ್ಲಿರುವ ಲಿಂಕ್ ಒತ್ತಬೇಡಿ, ಹಣ ಕಳಿಸಬೇಡಿ. ಹಕ್ಕು ನಿಮ್ಮದೆಂಬುದಕ್ಕೆ ಪುರಾವೆ ಕೊಡಿ ಎಂದು ಕೇಳಿ, ಒಬ್ಬ ವಕೀಲರಿಗೆ ತೋರಿಸಿ. ಅಕ್ಕ ಹಾಗೇ ಮಾಡಿದರು. ವಕೀಲರ ಮೂಲಕ ಮಾತುಕತೆಯಾಗಿ ಕೇಳಿದ್ದಕ್ಕಿಂತ ಕಡಿಮೆ ಮೊತ್ತಕ್ಕೆ ಮುಗಿಯಿತು. ಆದರೂ ಆ ವರ್ಷದ ಗೌರಿ-ಗಣೇಶ ಹಬ್ಬದ ದುಡಿಮೆಯಲ್ಲಿ ಒಳ್ಳೆಯ ಪಾಲು ಅದಕ್ಕೇ ಹೋಯಿತು.

ಆಮೇಲೆ ಹೊಸ ವೆಬ್‌ಸೈಟಿಗೆ ಕುಳಿತೆವು. ಅಕ್ಕ ಮೊದಲು ಕೇಳಿದ್ದು, "ಮದುವೆ ಮನೆಯಲ್ಲಿ ನಾನು ಮಾಡಿದ ಮೊಗ್ಗಿನ ಜಡೆಯ ಫೋಟೋ ಹಾಕಬಹುದಲ್ಲ? ಜಡೆ ನನ್ನದೇ ಅಲ್ಲವಾ?" ಇದು ನಿಮ್ಮಲ್ಲಿ ಬಹಳ ಜನರಿಗೆ ಬರುವ ಪ್ರಶ್ನೆ, ಸ್ವಲ್ಪ ನಿಧಾನವಾಗಿ ನೋಡೋಣ. ಜಡೆ ಅಕ್ಕನದ್ದು, ಸರಿ. ಫೋಟೋ ತೆಗೆದದ್ದು ಮದುವೆಯ ಫೋಟೋಗ್ರಾಫರ್. ಅವರಿಗೆ ಹಣ ಕೊಟ್ಟು ತೆಗೆಸಿದ್ದು ಹೆಣ್ಣಿನ ಮನೆಯವರು. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು ಎಂದು ಕಾಯ್ದೆ ಹೇಳುತ್ತದೆ. ಬೇರೆ ಒಪ್ಪಂದ ಇದ್ದರೆ ಫೋಟೋಗ್ರಾಫರ್‌ದೇ ಆಗಬಹುದು. ಗಮನಿಸಿ, ಎರಡರಲ್ಲಿ ಯಾವುದಾದರೂ ಅದು ಜಡೆ ಮಾಡಿದವರದ್ದಲ್ಲ. ಫೋಟೋಗ್ರಾಫರ್ ಇನ್‌ಸ್ಟಾಗ್ರಾಮಿನಲ್ಲಿ ನಮ್ಮನ್ನು ಟ್ಯಾಗ್ ಮಾಡಿದ್ದಾರೆ ಎಂದರೆ ನಮ್ಮ ಅಂಗಡಿಯ ಪುಟಕ್ಕೆ ಎತ್ತಿಕೊಳ್ಳಿ ಎಂದು ಹೇಳಿದ ಹಾಗಲ್ಲ.

ಇದರ ಮೇಲೆ ಆ ಹುಡುಗಿಯ ಒಪ್ಪಿಗೆ. ಅವಳ ಮದುವೆಯ ದಿನದ ಫೋಟೋ ನಮ್ಮ ಜಾಹೀರಾತು ಆಗುವುದು ಅವಳಿಗೆ ಇಷ್ಟವೋ ಇಲ್ಲವೋ. ಮುಖ ಕಾಣದೆ ಬೆನ್ನು ಮಾತ್ರ ಕಂಡರೂ ಕೇಳುವುದು ಮರ್ಯಾದೆ ಎಂದು ನನ್ನ ಅಭಿಪ್ರಾಯ. ಮುಖ ಕಂಡರಂತೂ ಬರಹದಲ್ಲಿ ಒಪ್ಪಿಗೆ ಬೇಕೇ ಬೇಕು. ಮಕ್ಕಳ ನಾಮಕರಣದ ಫೋಟೋ ಆದರೆ ಒಪ್ಪಿಗೆ ಇದ್ದರೂ ನಾನು ಹಾಕುವುದಿಲ್ಲ, ತೊಟ್ಟಿಲಷ್ಟೇ ಹಾಕುತ್ತೇನೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಸರಳ. ಆರ್ಡರ್ ತೆಗೆದುಕೊಳ್ಳುವಾಗಲೇ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು: "ಜಡೆ ಕೊಡುವ ಮೊದಲು ನಾವೇ ಅದರ ಫೋಟೋ ತೆಗೆದುಕೊಳ್ಳುತ್ತೇವೆ. ಮುಡಿದ ಮೇಲೆ ತೆಗೆದ ಫೋಟೋ ನೀವು ಕಳಿಸಿದರೆ, ಅದನ್ನು ನಮ್ಮ ವೆಬ್‌ಸೈಟಿನಲ್ಲಿ ಬಳಸಲು ಒಪ್ಪಿಗೆಯೇ?" ಫೋಟೋಗ್ರಾಫರ್ ತೆಗೆದದ್ದಾದರೆ ಅವರಿಗೂ ಅದೇ ಪ್ರಶ್ನೆ, ಜೊತೆಗೆ ಅವರ ಹೆಸರು ಹಾಕುತ್ತೇವೆ ಎಂಬ ಮಾತು. ಹೆಸರು ಹಾಕುತ್ತೇವೆ ಎಂದರೆ ಹೆಚ್ಚಿನವರು ಸಂತೋಷದಿಂದ ಹೂಂ ಎಂದರು. ಒಬ್ಬರು ಬೇಡ ಎಂದರು, ಬಿಟ್ಟೆವು. ಆ ಉತ್ತರಗಳ ಸ್ಕ್ರೀನ್‌ಶಾಟ್ ಒಂದು ಫೋಲ್ಡರಿನಲ್ಲಿದೆ.

ಉಚಿತ ಚಿತ್ರಗಳ ತಾಣಗಳ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್ ಮೊದಲಾದವುಗಳ ಚಿತ್ರಗಳನ್ನು ವ್ಯಾಪಾರದ ಪುಟಕ್ಕೂ ಹಣ ಕೊಡದೆ ಬಳಸಬಹುದು. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಒಂದೊಂದು ಚಿತ್ರದ ಕೆಳಗೂ ಅದರ ಷರತ್ತು ಇರುತ್ತದೆ, ಹಲವಕ್ಕೆ ತೆಗೆದವರ ಹೆಸರು ಹಾಕಲೇಬೇಕು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ "ಎನ್‌ಸಿ" ಎಂಬ ಎರಡು ಅಕ್ಷರ ಕಂಡರೆ ಅದು ವ್ಯಾಪಾರಕ್ಕಲ್ಲ ಎಂದರ್ಥ, ನಾವು ಮುಟ್ಟಬಾರದು. ವೆಬ್‌ಸೈಟಿನ ಸಿದ್ಧ ವಿನ್ಯಾಸ ಕೊಂಡಾಗ ಅದರೊಳಗೆ ಬರುವ ಮಾದರಿ ಚಿತ್ರಗಳು ಎಷ್ಟೋ ಸಲ ತೋರಿಸಲಿಕ್ಕೆ ಮಾತ್ರ. ವಿನ್ಯಾಸಕ್ಕೆ ಕೊಟ್ಟ ಹಣ ಚಿತ್ರಕ್ಕೆ ಸೇರಿರುವುದಿಲ್ಲ. ಯಾವುದನ್ನೇ ತೆಗೆದುಕೊಂಡರೂ ಆ ದಿನದ ಷರತ್ತಿನ ಪುಟವನ್ನು ಉಳಿಸಿಟ್ಟುಕೊಳ್ಳಿ.

ಆದರೆ ಅಂಥ ಚಿತ್ರ ಮುಖಪುಟದ ಹಿನ್ನೆಲೆಗೆ ಸರಿ, ಬೆಲೆ ಬರೆದ ಸಾಮಾನಿನ ಪಕ್ಕದಲ್ಲಿ ಬೇಡ. ಅಕ್ಕನ ಹಳೆಯ ಪುಟದಲ್ಲಿ ತೆಳು ಗುಲಾಬಿ ಬಣ್ಣದ ಪಿಯೋನಿ ಹೂಗಳ ಗುಚ್ಛ ಇತ್ತು. ಚಳಿದೇಶದ ಹೂವು ಅದು. ಒಬ್ಬ ತಾಯಿ ಮಗಳ ನಿಶ್ಚಿತಾರ್ಥಕ್ಕೆ ಅದನ್ನೇ ಆರ್ಡರ್ ಮಾಡಿದರು. ಅಕ್ಕ ಕಾರ್ನೇಷನ್ ಹಾಕಿ ಚೆಂದವಾಗಿಯೇ ಮಾಡಿಕೊಟ್ಟರು. ಆಕೆ ಫೋನಿನ ಚಿತ್ರವನ್ನೂ ಕೈಯಲ್ಲಿದ್ದ ಗುಚ್ಛವನ್ನೂ ಪಕ್ಕಪಕ್ಕ ಹಿಡಿದು ನೆಂಟರ ಮುಂದೆಯೇ ಕೇಳಿದರಂತೆ. ಆ ಚಿತ್ರಕ್ಕೆ ಪರವಾನಗಿ ಇದ್ದಿದ್ದರೂ ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಗ್ರಾಹಕ ರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳಲ್ಲೂ ಜಾಹೀರಾತು ವಸ್ತುವಿನ ನಿಜವಾದ ಗುಣಕ್ಕೆ ಹೊಂದಿರಬೇಕು ಎಂದಿದೆ. ಹೂವಿನ ವಾಸನೆ ಪರದೆಯಲ್ಲಿ ಬರುವುದಿಲ್ಲ, ಮುಟ್ಟಿ ನೋಡಲಾಗುವುದಿಲ್ಲ. ಕೊಳ್ಳುವವರಿಗೆ ಇರುವುದು ಆ ಒಂದು ಚಿತ್ರ, ಅದನ್ನು ನಂಬಿ ಹಣ ಕಳಿಸುತ್ತಾರೆ. ಎಐ ಬರೆದ ಚಿತ್ರಗಳಿಗೂ ನಾನು ಇದೇ ಕಾರಣಕ್ಕೆ ಬೇಡ ಅನ್ನುತ್ತೇನೆ. ಅದು ತೋರಿಸುವ ಹಾರವನ್ನು ಯಾರೂ ಕಟ್ಟಿಲ್ಲ. ಹೆಸರಿನ ವಿಷಯವೂ ಹೀಗೆಯೇ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಜಿಐ ಮಾನ್ಯತೆ ಇದೆ. ದಾದರಿನಲ್ಲಿ ಸಿಕ್ಕ ಮೋಗ್ರಾಕ್ಕೆ ಉಡುಪಿ ಮಲ್ಲಿಗೆ ಎಂದು ಬರೆಯಬೇಡಿ.

ಹಾಗಾಗಿ ಫೋಟೋಗಳನ್ನು ನಾವೇ ತೆಗೆದೆವು. ದೊಡ್ಡ ಕ್ಯಾಮೆರಾ ಬೇಕಿಲ್ಲ, ಅಕ್ಕನ ಫೋನೇ ಸಾಕಾಯಿತು. ಬೆಳಿಗ್ಗೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಒಂದು ಮೇಜು. ಕಿಟಕಿಗೆ ಎದುರಾಗಿ, ಹೂವಿನ ಆ ಕಡೆ, ಒಂದು ಬಿಳಿ ಥರ್ಮಾಕೋಲ್ ಹಾಳೆ. ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳನ್ನು ಮೆತ್ತಗೆ ಮಾಡುತ್ತದೆ. ಮನೆಯ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಬಿಳಿ ಹೂವಿನ ಒಂದು ಮಗ್ಗುಲು ಹಳದಿ, ಇನ್ನೊಂದು ನೀಲಿ ಬರುತ್ತದೆ. ಮಲ್ಲಿಗೆಯನ್ನು ಬಿಳಿ ಬಟ್ಟೆಯ ಮೇಲಿಟ್ಟರೆ ಬರೀ ಬಿಳಿ ಮುದ್ದೆ. ಬಾಳೆ ಎಲೆಯ ಮೇಲೋ ಕಡು ಬಣ್ಣದ ರೇಷ್ಮೆಯ ಮೇಲೋ ಇಟ್ಟು, ಪರದೆಯನ್ನು ಮುಟ್ಟಿ ಬೆಳಕನ್ನು ಸ್ವಲ್ಪ ತಗ್ಗಿಸಿ, ಆಗ ಒಂದೊಂದು ಮೊಗ್ಗೂ ಕಾಣುತ್ತದೆ. ಕೆಂಪು ಗುಲಾಬಿ, ಚೆಂಡುಹೂವು ಫೋನಿಗೆ ಕಷ್ಟ. ಬಣ್ಣ ಉಕ್ಕಿ ದಳಗಳ ಗೆರೆ ಅಳಿಸಿಹೋಗುತ್ತವೆ. ಅಲ್ಲೂ ಬೆಳಕು ತಗ್ಗಿಸಬೇಕು. ಬಣ್ಣ ಹೆಚ್ಚಿಸುವ ಫಿಲ್ಟರ್ ಮಾತ್ರ ಬೇಡ, ಮನೆಗೆ ಹೋದ ಹೂವಿಗೆ ಫಿಲ್ಟರ್ ಇರುವುದಿಲ್ಲ.

ಅಳತೆಯೂ ಒಂದು ಸಮಸ್ಯೆ. ನಾವು ಮೊಳ ಎನ್ನುತ್ತೇವೆ, ಯಾರ ಮೊಳ ಎಂದು ಬೆಂಗಳೂರಿನ ಮಾರುಕಟ್ಟೆಯಿಂದ ಮಾಟುಂಗಾದವರೆಗೆ ಜಗಳ ಇದ್ದದ್ದೇ. ನಾವು ಮೊಳದ ಜೊತೆಗೆ ಇಂಚಿನಲ್ಲೂ ಬರೆದೆವು, ಒಂದು ಫೋಟೋದಲ್ಲಿ ಹೂವಿನ ಪಕ್ಕ ಅಳತೆಪಟ್ಟಿ ಇಟ್ಟೆವು. ಅಂದಿನಿಂದ "ಇಷ್ಟು ಗಿಡ್ಡ ಯಾಕೆ" ಎಂಬ ಫೋನ್ ನಿಂತಿದೆ.

ಫೋಟೋ ತೆಗೆದವರು ಯಾರು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಸಂಬಳದ ಕೆಲಸದವರು ಕೆಲಸದ ಭಾಗವಾಗಿ ತೆಗೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಹಕ್ಕು ಅಂಗಡಿಯವರದು. ನಾದಿನಿಯೋ ಪಕ್ಕದ ಮನೆಯ ಹುಡುಗನೋ ಪ್ರೀತಿಯಿಂದ ತೆಗೆದುಕೊಟ್ಟರೆ ಹಕ್ಕು ಅವರದೇ, ಎರಡು ಸಾಲಿನ ಒಪ್ಪಿಗೆ ಬರೆಸಿಕೊಂಡರೆ ಮುಂದೆ ಮನಸ್ತಾಪ ಇರುವುದಿಲ್ಲ. ವೆಬ್‌ಸೈಟ್ ಮಾಡುವವರಿಗೂ ಹೇಳಿ: ಹಾಕುವ ಪ್ರತಿ ಚಿತ್ರ ಎಲ್ಲಿಂದ ಬಂತು ಎಂಬ ಪಟ್ಟಿ ಕೊಟ್ಟ ಮೇಲೆ ಕೊನೆಯ ಕಂತು. ಡೊಮೇನ್ ಹೆಸರು ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ಇರಲಿ. ಚಿತ್ರಗಳನ್ನು ವೆಬ್‌ಪಿ ರೂಪಕ್ಕೆ ಬದಲಾಯಿಸಿ ಸಣ್ಣದು ಮಾಡಿ ಹಾಕಿ, ಲೋಕಲ್ ಟ್ರೇನಿನಲ್ಲಿ ಕುಳಿತು ನೋಡುವವರಿಗೂ ಬೇಗ ತೆರೆಯಬೇಕು. ಉಳಿದ ತಾಂತ್ರಿಕ ವಿವರ ಬೇಕಾದವರು ಆಮೇಲೆ ಕೇಳಿ.

ಮೂಲ ಫೋಟೋ ಮಾತ್ರ ಅಳಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಯಾವ ದಿನ ಯಾವ ಫೋನಿನಲ್ಲಿ ತೆಗೆದದ್ದು ಎಂಬ ಒಳಗಿನ ಮಾಹಿತಿಯೂ ಹೋಗುತ್ತದೆ. ಅದು ಯಾಕೆ ಮುಖ್ಯ ಎಂದು ಈ ವರಮಹಾಲಕ್ಷ್ಮಿ ಹಬ್ಬದಲ್ಲಿ ಗೊತ್ತಾಯಿತು. ಅಕ್ಕ ಮಾಡಿದ ಕಳಶದ ಅಲಂಕಾರದ ಫೋಟೋ ಇನ್ನೊಂದು ಅಂಗಡಿಯ ಇನ್‌ಸ್ಟಾಗ್ರಾಮ್ ಪುಟದಲ್ಲಿ, ಅವರ ಬೆಲೆಯೊಂದಿಗೆ ಕಾಣಿಸಿತು. ಹಿಂದಿನ ಗೋಡೆಯ ಕ್ಯಾಲೆಂಡರ್ ಕೂಡ ಹಾಗೇ ಇತ್ತು! ಇನ್‌ಸ್ಟಾಗ್ರಾಮಿನಲ್ಲೇ ಹಕ್ಕುಸ್ವಾಮ್ಯದ ದೂರಿಗೆ ಒಂದು ಫಾರ್ಮ್ ಇದೆ. ಅದನ್ನು ತುಂಬಿ, ಮೂಲ ಫೋಟೋ ನಮ್ಮ ಬಳಿ ಇದೆ ಎಂದು ಬರೆದೆವು. ಕೆಲವು ದಿನದಲ್ಲಿ ಆ ಚಿತ್ರ ಅಲ್ಲಿಂದ ಹೋಯಿತು. ಇಮೇಲಿಗೆ ಹೆದರಿ ನಮ್ಮ ಬಾಗಿಲು ತಟ್ಟಿದ ಅದೇ ಅಕ್ಕ ಈ ಫಾರ್ಮನ್ನು ತಮ್ಮ ಕೈಯಿಂದಲೇ ತುಂಬಿದರು, ನಾನು ಇಂಗ್ಲಿಷ್ ಅಷ್ಟೇ ನೋಡಿಕೊಟ್ಟೆ.

ಹೂವು ತರಲು ಹೇಳಿದ್ದೆ, ಸುಮಾರು ಜನ ತಂದಿದ್ದೀರಿ. ಎಡಗಡೆಯ ಕಿಟಕಿಯ ಹತ್ತಿರ ಮೇಜು ಹಾಕಿಸಿದ್ದೇನೆ, ಥರ್ಮಾಕೋಲ್ ಹಾಳೆಯೂ ಇದೆ. ಮಧ್ಯಾಹ್ನದ ಬೆಳಕು ಇನ್ನು ಅರ್ಧ ಗಂಟೆ ಚೆನ್ನಾಗಿರುತ್ತದೆ. ಮಲ್ಲಿಗೆ ತಂದವರು ಮೊದಲು ಬನ್ನಿ.